ಅಂಟು ಒಣಗೋ ತನಕ

ಅಪ್ಪಾ, ಫೋನಲ್ಲಿ ರೆಕಾರ್ಡ್ ಹಾಕ್ಕೊಂಡು ಮಾತಾಡ್ತಿದೀನಿ, ನಿನಗೆ ಕೇಳಲ್ಲ ಅಂತ ಗೊತ್ತು. ಇವತ್ತು ಚರ್ಚಲ್ಲಿ ನಾನು ಮಾಡಿದ ಬೆಂಚು ಮುರೀತು. ನಾಲ್ಕು ಜನ ದೊಪ್ಪಂತ ನೆಲಕ್ಕೆ ಬಿದ್ರು. ಆಗ ಪಾದ್ರಿ ವಾಚ್ ನೋಡ್ಕೊಂಡೇ "ದೇವರ ಕೆಲಸಕ್ಕೆ ಅವಸರ ಬೇಡ" ಅಂತ ಬೋಧಿಸ್ತಿದ್ದ. "ಭಾನುವಾರದೊಳಗೆ ಹತ್ತು ಬೆಂಚು ಬೇಕು" ಅಂತ ನನ್ನ ಪ್ರಾಣ ತಿಂದೋನೂ ಅವನೇ! ಹೇಳೋದು ಶಾಸ್ತ್ರ, ಹಾಕೋದು ಗಾಳ.

ಪಕ್ಕದಲ್ಲೇ ನೀನು ಮಾಡಿಟ್ಟ ಬೆಂಚು ಮೂವತ್ತು ವರ್ಷದಿಂದ ಕಿರ್ ಅಂದಿಲ್ಲ. "ಅಂಟು ಒಂದು ದಿನ ಪೂರ್ತಿ ಒಣಗ್ಲಿ ಮಗಾ, ಅಲ್ಲೀತನಕ ಪ್ರಾರ್ಥನೆ ಮಾಡು" ಅಂತಿದ್ದೆ. "ಪ್ರಾರ್ಥನೆ ಸೋಮಾರಿಗಳ ಕಸುಬು" ಅಂತ ನಾನು ನಗ್ತಿದ್ದೆ. ಒಂದೇ ಗಂಟೇಲಿ ಹಲಗೆ ಬಿಗಿದಿಟ್ಟ ಕ್ಲ್ಯಾಂಪ್ ಬಿಚ್ಚೋ ಜಾಣ ನಾನು, ಥೂ!

ನಿನ್ನ ಶವಪೆಟ್ಟಿಗೇನೂ ನಾನೇ ಮಾಡಿದ್ದು. ಹೆಗಲಿಗೆ ಎತ್ಕೊಂಡಾಗ ಅಂಟು ಇನ್ನೂ ಕೈಗೆ ಹತ್ತುತ್ತಿತ್ತು.