ತಾಳೆವನದ ಹೂಂ

ಸೆಪ್ಟೆಂಬರ್ 8, ಸೋಮವಾರ

ಬೆಳಗಿನ ಹರಿಹರ ಬಸ್ಸು. ಸೀಟು ಸಿಕ್ಕರೆ ಸ್ವರ್ಗ, ಸಿಗದಿದ್ದರೆ ಸಂಸರ್ಗ. ಇವತ್ತು ಎರಡನೆಯದು. ನಮ್ಮ ಸ್ಕೂಲಿನ ಗೆಳತಿ ಸಿದ್ದೀಕಾ ನನಗೆಂದು ಹಿಡಿದಿಟ್ಟ ಸೀಟಿನಲ್ಲಿ ಕಂಡಕ್ಟರ್ ಯಾರನ್ನೋ ಕೂರಿಸಿಬಿಟ್ಟಿದ್ದ. ಜಗಳಕ್ಕೆ ಬಾಯಿ ತೆರೆದಳು. ದನಿ ಬರಲಿಲ್ಲ. ಬರೀ ಗಾಳಿ.

ಸ್ಕೂಲಿನಲ್ಲೂ ಅಷ್ಟೇ. ಎಂಟನೇ ಕ್ಲಾಸಿಗೆ ವಿಜ್ಞಾನವನ್ನು ಪಿಸುಗುಟ್ಟಿದಳಂತೆ. ಪಕ್ಕದ ರೂಮಿನ ಕನ್ನಡ ಟೀಚರ್ ನಾನು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ದನಿ ಗೋಡೆ ದಾಟಿ ಬರದೆ, ನನ್ನ ಪಾಠ ನನಗೇ ಕೇಳಿಸಿತು. ಚೆನ್ನಾಗಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಸಿದ್ದೀಕಾಳ ಗಂಟಲಿನ ರಿಪೋರ್ಟ್ ಬಂತು. ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ತೆಗೆದರೆ ಬದುಕುತ್ತಾಳೆ. ಉಸಿರಾಟಕ್ಕೆ ಕುತ್ತಿಗೆಯಲ್ಲೊಂದು ತೂತು. ಆಮೇಲೆ ಬೇಕಿದ್ದರೆ ಮೆಷಿನ್ ಹಿಡಿದು ಮಾತಾಡಬಹುದಂತೆ.

"ಹೆಂಗಿರ್ತದೆ ಡಾಕ್ಟ್ರೇ ಆ ದನಿ? ರೈಲ್ವೆ ಸ್ಟೇಷನ್ನಾಗ ಕೂಗ್ತದಲ್ಲ, ಹಂಗಾ?" ಒಡೆದ ದನಿಯಲ್ಲೇ ಕೇಳಿದಳು ಸಿದ್ದೀಕಾ.

ಡಾಕ್ಟರ್ ನಗಲಿಲ್ಲ. ನಾನು ನಕ್ಕೆ. ನಗಬಾರದಿತ್ತು.

ಹೊರಗೆ ಬಂದು ಒಂದೇ ಮಾತು: "ನಾ ಮಾಡಿಸ್ಕೊಳಲ್ಲ ಆಶಾ. ದನಿ ಇರೋಷ್ಟು ದಿನ ಇರ್ತೀನಿ."

ಸೆಪ್ಟೆಂಬರ್ 15, ಸೋಮವಾರ

ಸಿದ್ದೀಕಾಳ ತಾಯಿ ಖೈರುನ್ನೀಸಾ ಅಮ್ಮ ಬಾಗಿಲವರೆಗೂ ಬಂದು ಕೈ ಹಿಡಿದುಕೊಂಡರು. ಇರುವವಳು ಒಬ್ಬಳೇ ಮಗಳು.

"ನೀ ಹೇಳಿದ್ರೆ ಕೇಳ್ತಾಳೆ ಬೇಟಿ. ನಾ ಬಾಯಿ ತೆಗೆದ್ರೆ ರೂಮ್ ಬಾಗ್ಲು ಹಾಕ್ಕೋತಾಳೆ."

ಹೂಂ ಅನ್ನಿಸಿಯೇ ತರುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಧಾರಾಳಿ.

ಸಿದ್ದೀಕಾಳದು ಬೇರೆಯೇ ರಾಗ. ದಸರಾ ರಜೆಗೆ ಕೇರಳದ ಸಸ್ಯೋದ್ಯಾನಕ್ಕೆ ಹೋಗಬೇಕಂತೆ, ತಾಳೆ ಜಾತಿಯ ಮರಗಳನ್ನು ನೋಡಬೇಕಂತೆ. ಪ್ರತಿ ವರ್ಷ ಬೋರ್ಡ್ ಮೇಲೆ ಬರೆದು ಬರೆದು ಅಳಿಸಿದ್ದಾಳೆ. ಕಣ್ಣಾರೆ ಕಂಡಿದ್ದು ತೆಂಗು, ಅಡಿಕೆ, ಈಚಲು, ಅಷ್ಟೇ.

ಮಹಾಂತೇಶ್ ಗೊಣಗಿದರು: "ಹಬ್ಬ ಬಿಟ್ಟು ತಾಳೆಮರ ನೋಡಾಕ ಕೇರಳಕ್ಕಾ? ಎದುರುಮನಿ ಗೇಟಿನಾಗ ತೆಂಗಿನಮರ ಐತಲ್ಲ, ದಿನಾ ನೋಡು ಹೋಗು. ಫ್ರೀ."

ಆಮೇಲೆ ಟಿಕೆಟ್ ಬುಕ್ ಮಾಡಿದವರೂ ಅವರೇ. ಗಂಡ ಅಂದರೆ ಹೀಗೆ — ಮೊದಲು ಗೊಣಗು, ಆಮೇಲೆ ಸೊಬಗು.

ಆಪರೇಷನ್ನಿಗೆ ಡಾಕ್ಟರ್ ಕೊಟ್ಟ ತಾರೀಖು ಅಕ್ಟೋಬರ್ 3. ಅದನ್ನು ಮೀರಿದರೆ ತಮ್ಮ ಕೈಯಲ್ಲಿಲ್ಲ ಎಂದಿದ್ದಾರೆ.

ಸೆಪ್ಟೆಂಬರ್ 24, ಬುಧವಾರ. ಲಾಡ್ಜಿನಲ್ಲಿ, ಸಂಜೆ

ಬೆಟ್ಟದ ಬುಡದ ತೋಟ. ಬೆಳಿಗ್ಗೆಯೇ ಸೆಕೆ. ಇಳಿಜಾರು ಪೂರ್ತಿ ತಾಳೆಗಳೇ. ಸಿದ್ದೀಕಾ ಗೇಟಿನಲ್ಲೇ ಚಪ್ಪಲಿ ಬಿಡಲು ಹೋದಳು.

"ಏ, ದರ್ಗಾ ಅಲ್ಲ ಇದು."

"ಗೊತ್ತೈತೆ ಸುಮ್ನಿರೆ."

ರಾಯಲ್ ಪಾಮ್ — ಕರೆಂಟು ಕಂಬಕ್ಕೆ ಸುಣ್ಣ ಬಳಿದ ಹಾಗೆ. ಮೀನಿನ ಬಾಲದಂಥ ಎಲೆಯ ಬಗನಿ. ಕಾಂಡವೇ ಕಾಣದೆ ಕೆಸರಿನಿಂದ ನೇರ ಗರಿ ಎತ್ತಿದ್ದು ಒಂದು. ಶ್ರೀತಾಳೆಯ ಒಂದೇ ಗರಿಯ ನೆರಳಿಗೆ ನಮ್ಮ ಇಡೀ ಸ್ಟಾಫ್ ರೂಮ್ ಹಿಡಿಯುತ್ತದೆ, ಜಗಳ ಸಮೇತ. ಸಿದ್ದೀಕಾ ಕತ್ತೆತ್ತಿ ನಿಂತೇ ಇದ್ದಳು. ಕೂದಲಿಗೆ ಬಿದ್ದ ಕಸ ತೆಗೆಯಲೂ ಬಿಡಲಿಲ್ಲ.

ಮರಕ್ಕೆ ಹಬ್ಬಿದ ಮುಳ್ಳುಬಳ್ಳಿ ತೋರಿಸಿದಳು. "ಇದು ಬೆತ್ತ. ಇದೂ ತಾಳೆ ಕುಟುಂಬಾನೇ. ಇಷ್ಟು ವರ್ಷ ನೀ ಕೈಯಾಗ ಹಿಡ್ಕಂಡು ಓಡಾಡಿದ್ದು."

"ಹಿಡಿದಿದ್ದೆ, ಹೊಡೆದಿಲ್ಲ."

"ಹುಡುಗ್ರನ್ನ ಕೇಳು."

ಪ್ರತಿ ಮಾತಿಗೂ ದನಿ ಒಡೆಯುತ್ತಿತ್ತು. ನೀರಿನ ಬಾಟಲಿ ಹಿಡಿದು ಹಿಂದೆ ಹಿಂದೆ ನಾನು — ಸಾಕು, ಮಾತಾಡಬ್ಯಾಡ.

"ಯಾಕ? ಉಳಿಸಿ ಬ್ಯಾಂಕಿನಾಗ ಇಡ್ಲಾ?"

ಒಂದು ರಾಯಲ್ ಪಾಮ್ ಮೇಲೆ ಯಾರೋ ಪ್ರೇಮಿಗಳು ಹೆಸರು ಕೊರೆದಿದ್ದರು. ಅವಳು ಬೆರಳಾಡಿಸಿದಳು. "ಬ್ಯಾರೆ ಮರಕ್ಕೆ ಗಾಯ ಮುಚ್ಕಂತದೆ. ಇವಕ್ಕೆ ಮುಚ್ಚಲ್ಲ. ಸಾಯೋ ತನಕ ಹಂಗೇ ಇರ್ತದೆ."

ಇಂಥದೊಂದು ಮಾತಿಗೇ ಕಾದು ಕೂತಿದ್ದೆನಲ್ಲ, ಹಿಡಿದುಕೊಂಡೆ. "ಆದ್ರೂ ಬೆಳದೈತಲ್ಲ! ನೋಡು ಎಷ್ಟೆತ್ತರ."

"ಅದು ಮರ ಆಶಾ. ಅದಕ್ಕೆ ಪಾಠ ಮಾಡೋ ಕೆಲ್ಸ ಇಲ್ಲ."

ಅಲ್ಲಿಗೂ ಬಿಡಲಿಲ್ಲ ನಾನು. ಅಮ್ಮನ ಮಾತು ತೆಗೆದೆ. ಅವರ ವಯಸ್ಸು, ಅವರ ಬಿಪಿ, ಅವರ ಕಣ್ಣೀರು. ಸಿದ್ದೀಕಾ ಕಲ್ಲುಬೆಂಚಿನ ಮೇಲೆ ಕೂತು, ಬಿದ್ದ ಗರಿಯೊಂದರ ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಮ್ಮಿಗೆ ಹೂಂ ಅಂತ ಹೇಳು."

"ನೀನೇ ಹೇಳು. ಫೋನ್ ಹಚ್ಚಿ ಕೊಡ್ತೀನಿ."

"ನನ್ನ ಬಾಯಾಗ ಬರಲ್ಲ. ಇದೇ ದನಿ... ನನ್ನ ಕೊಯ್ದು ತೆಗೀರಿ ಅಂತ ತಾನೇ ಹೆಂಗ ಹೇಳ್ತದೆ? ನೀ ಹೇಳು."

ಹೇಳಿದೆ. ಆ ಕಡೆ ಅಮ್ಮ ಅತ್ತರು. ಫೋನ್ ಚಾಚಿದೆ, ಸಿದ್ದೀಕಾ ತೆಗೆದುಕೊಳ್ಳಲಿಲ್ಲ. ಎದ್ದು ಮುಂದಿನ ಮರದ ಹತ್ತಿರ ಹೋದಳು. ಅದರ ಹೆಸರಿನ ಬೋರ್ಡನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು. ಅದರ ಮುಂದಿನದನ್ನೂ. ಎಲ್ಲವನ್ನೂ. ಕೊನೆಕೊನೆಗೆ ತುಟಿ ಮಾತ್ರ ಆಡುತ್ತಿತ್ತು.

ಗೆದ್ದೆ ಅನ್ನಿಸಿತ್ತು. ಬರೆಯುವಾಗ ಹಾಗನ್ನಿಸುತ್ತಿಲ್ಲ.

ಅಕ್ಟೋಬರ್ 3, ಶುಕ್ರವಾರ

ಆಪರೇಷನ್ ಆಯಿತು. ಒಳಗೆ ಹೋಗುವ ಮುಂಚೆ ಅಮ್ಮನಿಗೆ ಏನೋ ಹೇಳಿದಳು, ಉರ್ದುವಿನಲ್ಲಿ. ನನ್ನನ್ನು ನೋಡಿದಳು. ಮುಖ ತಿರುಗಿಸಿದಳು.

ಪ್ರಾಸ ಒಂದೂ ಹೊಳೆಯಲಿಲ್ಲ ಇವತ್ತು.

ಅಕ್ಟೋಬರ್ 9, ಗುರುವಾರ

ಕುತ್ತಿಗೆಯಲ್ಲಿ ಕೊಳವೆ. ಕೈಯಲ್ಲಿ ಮಕ್ಕಳ ಸ್ಲೇಟು. ಅಮ್ಮನಿಗೆ ಉರ್ದುವಿನಲ್ಲಿ ಬರೆದಳು — ಊಟ ಮಾಡಿದೆಯಾ ಎಂದು ಕೇಳಿದ್ದಂತೆ. ನರ್ಸಿಗೆ ಬರೆದಳು: ಫ್ಯಾನ್. ಆಮೇಲೆ ಒರೆಸಿ, ನನಗೆ: ಹೋಗು.

"ಔಷಧಿ ಜೋರು ಬೇಟಿ, ಮನಸ್ಸಿಗೆ ಹಚ್ಕೋಬ್ಯಾಡ" ಎಂದರು ಅಮ್ಮ.

ಔಷಧಿಯಲ್ಲ. ಅಕ್ಷರ ದುಂಡಗಿತ್ತು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಭಾಷಣ ನನ್ನದೇ. ಚಪ್ಪಾಳೆ ಬಂತು, ಲಾಡು ಬಂತು.

ಸಿದ್ದೀಕಾ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರ. ಗೆಲುವಾಗಿದ್ದಾಳೆ, ಓಡಾಡುತ್ತಾಳೆ ಅನ್ನುತ್ತಾರೆ ಅಮ್ಮ. ನಾನು ಹಾಕಿದ ಮೆಸೇಜಿಗೆಲ್ಲ ನೀಲಿ ಗೆರೆ. ಉತ್ತರವಿಲ್ಲ. ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ ಬಂದಿದ್ದಾರೆ. ಸಣ್ಣ ದನಿ. ಗೋಡೆ ದಾಟುವುದಿಲ್ಲ.

ಒತ್ತಿ ಕಿತ್ತುಕೊಂಡೆನಾ ಆ ಹೂಂ ಅನ್ನು? ಬದುಕಿದ್ದಾಳಲ್ಲ, ಸಾಕು ಅನ್ನುತ್ತಾರೆ ಮಹಾಂತೇಶ್. ಸಾಕಾ?

ನವೆಂಬರ್ 16, ಭಾನುವಾರ

ಈಗಷ್ಟೇ ಫೋನ್. ಸಿದ್ದೀಕಾ ಹೆಸರು. ಮೆಸೇಜಲ್ಲ, ಕಾಲ್. ಅಮ್ಮ ಇರಬೇಕೆಂದು "ಹೇಳ್ರಿ ಅಮ್ಮಾ" ಎಂದೆ. ಮಾತಿಲ್ಲ. ಗಾಳಿ ಒಳಗೆ ಹೋಗಿ ಹೊರಗೆ ಬರುವ ಸದ್ದು. ಫೋನನ್ನು ಕುತ್ತಿಗೆಗೆ ಹಿಡಿದಿದ್ದಾಳೆ.

"ಸಿದ್ದೀ?"

ಉಸಿರು ಜೋರಾಯಿತು.

ಏನೇನೋ ಹೇಳಿದೆ. ಬಟ್ಟೆ ಒಣಗಿಲ್ಲ, ಹೆಡ್ ಮಾಸ್ಟರ್ ಮೀಸೆ ತೆಗೆಸಿದ್ದಾರೆ, ಮಹಾಂತೇಶ್ ಹಾಲು ಉಕ್ಕಿಸಿದರು. ಹೇಳುವುದೆಲ್ಲ ಮುಗಿದು ನಿಲ್ಲಿಸಿದೆ. ಅವಳು ಇಡಲಿಲ್ಲ. ನಾನೂ ಇಟ್ಟಿಲ್ಲ. ಸ್ಪೀಕರಿಗೆ ಹಾಕಿ, ಫೋನನ್ನು ಪುಟದ ಪಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕೇಳಿಯೇ ಬಿಟ್ಟೆ ಈಗ. ಅವತ್ತಿನ ಹೂಂ ನಿಂದಾ, ನಂದಾ? ನಿಂದಾದ್ರೆ ಫೋನ್ ಮ್ಯಾಲೆ ಒಂದ್ಸಲ ತಟ್ಟು.

ಉಸಿರು ನಿಂತ ಹಾಗಿದೆ. ಇಲ್ಲ... ಇದೆ. ಕಾಯುತ್ತಿದ್ದೇನೆ. ಫೋನ್ ಕೈ ಬದಲಿಸಿದ ಸದ್ದು. ಬಳೆ. ಈಗ —