ದುರಗಿಯ ಎಂಟಾಣೆ ಗುರಾಣಿ

ಯಲಬುರ್ಗಾ
೧೪-೮-೧೯೮೪

ಪ್ರೀತಿಯ ಯಜಮಾನರಿಗೆ,

ನಿಮ್ಮ ಯಮನೂರಮ್ಮನ ನಮಸ್ಕಾರ. ಕೆಮ್ಮು ಹೇಗಿದೆ? ಗಂಗಾವತಿಯ ಸೊಳ್ಳೆಗಳು ನಿಮ್ಮ ಮೈಯಲ್ಲಿ ಒಂದಿಷ್ಟಾದರೂ ರಕ್ತ ಉಳಿಸಿವೆಯೇ? ಇಲ್ಲಿ ನಾನೂ ಅತ್ತೆಯೂ ಗಟ್ಟಿಯಾಗಿದ್ದೇವೆ. ಅತ್ತೆಯ ಮೊಣಕಾಲು ನೋವು ಇಳಿದಿದೆ, ಮಾತಿನ ಜೋರು ಮಾತ್ರ ಇಳಿದಿಲ್ಲ.

ಇನ್ನು ಜಗಳಕ್ಕೆ ಬರುತ್ತೇನೆ. ನಿಮ್ಮ ಕಾರ್ಡು ಓದಿ ಮೈಯೆಲ್ಲ ಉರಿದುಹೋಯಿತು. ನೌಕರಿಗೆಂದು ಗಂಗಾವತಿಗೆ ಹೋದ ಮೇಲೆ, ನನಗೆ ಬೇಸರವಾಗದಿರಲಿ ಎಂದು ಈ ಕಾಗದದ ಕಾಳಗ ಕಟ್ಟಿದವರು ನೀವು. ಕಾದಾಡಲು ನಿಮ್ಮ ಕಡೆಗೊಬ್ಬ ಭೈರ, ನನ್ನ ಕಡೆಗೊಬ್ಬಳು ದುರಗಿ. ಇಬ್ಬರಿಗೂ ಇಪ್ಪತ್ತು ಉಸಿರು, ಆಯುಧ ಮತ್ತು ಕಾಪು ಕೊಳ್ಳಲು ಲೆಕ್ಕದ ಹಣದಲ್ಲಿ ಸಮ ಪಾಲು. ಪತ್ರಕ್ಕೊಂದು ಏಟು, ಆರು ಕವಡಿ ಒಗೆದಾಗ ನಾಲ್ಕಾದರೂ ಬಾಯಿ ಮೇಲಾಗಿ ಬಿದ್ದರೆ ಏಟು ತಾಗಿದಂತೆ. ದುರಗಿ ಗೆದ್ದರೆ ಅಲ್ಲಿ ಮನೆ ಹಿಡಿದು ನನ್ನನ್ನು ಕರೆದೊಯ್ಯುತ್ತೇನೆ ಎಂದವರೂ ನೀವೇ. ನಿಮಗದು ಆಟ. ನನಗೆ ಎರಡು ವರ್ಷದ ಒಂಟಿ ಸಂಸಾರ.

ಅದಕ್ಕೇ ದುರಗಿ ಸಾಯಬಾರದೆಂದು ಕಾಪು ಕೊಳ್ಳಲು ಕೂತೆ. ತೊಗಲಂಗಿ ಕತ್ತಿಯೇಟನ್ನು ಎಂಟಾಣೆ ತಡೆಯುತ್ತದೆ, ಗುರಾಣಿಯೂ ಎಂಟಾಣೆ ತಡೆಯುತ್ತದೆ ಎಂದು ಬರೆದಿದ್ದಿರಿ. ನಮ್ಮಪ್ಪ ಬದುವಿನ ಮೇಲೆ ನಿಂತು 'ಈ ಸಲ ಜ್ವಾಳ ಎಂಟಾಣಿ ಐತಿ' ಎಂದರೆ ಅರ್ಧ ಬೆಳೆ, ಹದಿನಾರಾಣೆ ಎಂದರೆ ಪೂರ್ತಿ ಬೆಳೆ. ನಾನೂ ಎಂಟಕ್ಕೆ ಎಂಟು ಕೂಡಿಸಿ, ಇನ್ನು ದುರಗಿಯ ಮೈಗೆ ಗೀರೂ ಬೀಳದು ಎಂದು, ಆಯುಧಕ್ಕೆ ಹೋಗಿ ಉಳಿದಿದ್ದ ಪಾಲನ್ನೆಲ್ಲ ಸುರಿದೆ, ನೆಮ್ಮದಿಯಿಂದ ರೊಟ್ಟಿ ಬಡಿದೆ. ನೀವು ನೋಡಿದರೆ ನಾಲ್ಕು ಉಸಿರು ಹೋಯಿತು ಎಂದು ಬರೆದಿದ್ದೀರಿ. ಭೈರನ ಕತ್ತಿಯ ಹದಿನಾರು ಉಸಿರಿನ ಏಟಿನಲ್ಲಿ ಗುರಾಣಿ ಎಂಟು ತಡೆಯಿತಂತೆ, ಅಂಗಿ ತಡೆಯುವುದು ಉಳಿದ ಎಂಟರಲ್ಲಿ ಅರ್ಧ ಮಾತ್ರವಂತೆ. ಇದನ್ನು ಮೊದಲೇ ಹೇಳಲು ನಿಮ್ಮ ಪೆನ್ನಿನ ಶಾಯಿ ತೀರಿತ್ತೇ?

ಸಿಟ್ಟು ಇಳಿದ ಮೇಲೆ ಒಲೆಯ ಮುಂದೆ ಇದ್ದಿಲಿನಿಂದ ಲೆಕ್ಕ ಹಾಕಿದೆ. ಮೂರನೆಯದಾಗಿ ಕಬ್ಬಿಣದ ಟೊಪ್ಪಿಗೆ ಕೊಂಡರೆ ಏಟಿಗೆ ಇನ್ನೆರಡೇ ಉಸಿರಿನ ಉಳಿತಾಯ, ನಾಲ್ಕನೆಯದಕ್ಕೆ ಒಂದು. ಬೆಲೆ ಮಾತ್ರ ಎಲ್ಲಕ್ಕೂ ಒಂದೇ. ಆಮೇಲೆ ನಿಮ್ಮ ಭೈರನ ಕಡೆ ನೋಡಿದೆ. ಅಂಗಿ, ಗುರಾಣಿ, ಟೊಪ್ಪಿಗೆ, ಎದೆಗೆ ತಗಡು, ನಾಲ್ಕೂ ಕತ್ತಿಗೇ. ಬೆಂಕಿಗೆ ಒಂದು ಒದ್ದೆ ಕಂಬಳಿಯೂ ಇಲ್ಲ. ನಾನು ಬರುತ್ತೇನೆ ಎಂದಾಗಲೆಲ್ಲ ನೀವೂ ಹೀಗೇ ಒಂದರ ಮೇಲೊಂದು ನೆಪ ಒಡ್ಡುತ್ತೀರಿ: ಕೋಣೆ ಸಣ್ಣದು, ಸೊಳ್ಳೆ ಕಾಟ, ಅವ್ವ ಯಲಬುರ್ಗಾ ಬಿಟ್ಟು ಬರುವುದಿಲ್ಲ. ಕಡೆಯ ಮಾತಿಗೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅತ್ತೆಯನ್ನು ಒಂಟಿಯಾಗಿ ಬಿಟ್ಟು ಬರುವಷ್ಟು ಕಲ್ಲೆದೆ ನನಗಿಲ್ಲ.

ಗುರಾಣಿ ಮರಳಿಸಿ ದುರಗಿಯ ಕೈಗೆ ಪಂಜು ಕೊಟ್ಟಿದ್ದೇನೆ. ಹಾಗೆ ಬದಲಿಸಬಹುದೆಂಬ ನಿಯಮ ನಿಮ್ಮದೇ. ಪಂಜಿನ ಏಟು ಹನ್ನೆರಡು, ಭೈರನಿಗೆ ಉಳಿದಿರುವುದು ಹತ್ತು ಉಸಿರು. ಹಿಂದಿನ ಏಟುಗಳೆಲ್ಲ ಸೇರಿ ದುರಗಿಗೆ ಉಳಿದಿರುವುದು ಎಂಟೇ; ತಪ್ಪಿದರೆ, ಗುರಾಣಿಯಿಲ್ಲದ ಅವಳು ನಿಮ್ಮ ಮುಂದಿನ ಏಟಿಗೆ ಉಳಿಯುವುದಿಲ್ಲ. ಕವಡಿ ಒಗೆಯಲು ಕೈ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿರಿ. ಸಿಟ್ಟು ನಿಮ್ಮ ಮೇಲಲ್ಲ ಎಂದು ಬರೆಯಬೇಕೆಂದಿದ್ದೆ. ನಿಮ್ಮ ಮೇಲೆಯೇ ಇದೆ. ಅತ್ತೆಯ ಆಶೀರ್ವಾದಗಳು.

ನಿಮ್ಮ
ಯಮನೂರಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಕವಡಿ ಹಿಡಿದು ಸುಮ್ಮನೆ ಕೂತದ್ದನ್ನು ಕಂಡು ಅತ್ತೆ ಏನೆಂದು ಕೇಳಿದರು. ಪಂದ್ಯ, ನಿಮ್ಮ ನೆಪ, ಎಲ್ಲ ಹೇಳಿಬಿಟ್ಟೆ. ನನ್ನ ಕೈಯಿಂದ ಕಸಿದುಕೊಂಡು ತಾವೇ ಒಗೆದರು. ಐದು ಬಾಯಿ ಮೇಲೆ. ಭೈರ ಸತ್ತ. ಆಮೇಲೆ ಅಂದರು: 'ಅವ್ವ ಬರಂಗಿಲ್ಲ ಅಂತ ಬರದಾನ? ನನ್ನ ಯಾವಾಗ ಕೇಳ್ಯಾನ ಅಂವ? ಎರಡು ಖೋಲಿದು ಮನಿ ನೋಡು ಅಂತ ಬರಿ. ನಾನೂ ಬರಾಕಿ.'