ಹಿರಿಯರ ಪೀಠದಲ್ಲಿ ನಾಲ್ಕು ಬೆರಳು ಜಾಗ

ಡಾಂಗ್‌ಆವ್ ಹಳ್ಳಿ, ಜಿನ್‌ಮೆನ್ ದ್ವೀಪ
ಏಪ್ರಿಲ್ ೧೯, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಿಮ್ಮಡಿಯ ಗುಳ್ಳೆ ಒಣಗಿತೆ? ಎರಡು ಜೊತೆ ದಪ್ಪ ಕಾಲುಚೀಲ, ಮುಲಾಮು, ಪೇಟೆಯ ಅಂಗಡಿಯ ಕಡಲೆಕಾಯಿ ಮಿಠಾಯಿ ಕಳಿಸಿದ್ದೇನೆ. ಮಿಠಾಯಿಯನ್ನು ನಿನ್ನ ತುಕಡಿಯ ಹುಡುಗರಿಗೆ ಹಂಚಿ ಬರಿಗೈಯಲ್ಲಿ ಕೂರಬೇಡವೆಂದು ಅಮ್ಮ ಹೇಳಿದ್ದಾಳೆ. ತರಬೇತಿ ಮುಗಿಯುವ ತನಕ ಫೋನು ಅವರ ಬಳಿಯೇ ಇರುತ್ತದೆ ಎಂದು ನೀನು ಬರೆದಾಗ, ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು. ಫೋನಿನಲ್ಲಿ ನಾನು ಹ್ಞೂಂ, ಉಹೂಂ ಬಿಟ್ಟು ಬೇರೇನು ಆಡಿದ್ದೇನೆ? ಕಾಗದದಲ್ಲಾದರೆ ನನಗೂ ನಾಲಿಗೆ ಬರುತ್ತದೆ. ಅಪ್ಪನಿಗೆ ಮೊಣಕಾಲು ನೋವು ಕಡಿಮೆ. ಸಿಂಪಿ ತೆಗೆಯಲು ಕೆಸರಿಗೆ ಇಳಿಯುವಾಗ ಮಾತ್ರ ನನ್ನನ್ನು ಜೊತೆಗೆ ಕರೆಯುತ್ತಾನೆ, ಮತ್ತೆ ನಾನು ನಿಧಾನವೆಂದು ಬೈಯುತ್ತಾನೆ. ಅಜ್ಜಿಯ ವಿಷಯ ಆಮೇಲೆ ಬರೆಯುತ್ತೇನೆ.

ಸಮಾಧಿ ಗುಡಿಸುವ ಹಬ್ಬಕ್ಕೆ ನೀನು ಬರಲಿಲ್ಲ. ಗುಡಿಸಿ ಬಂದು ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ಅದೇ ಚರ್ಚೆ: ಹೆಂಗಸರನ್ನು ಯುದ್ಧದ ಮುಂಚೂಣಿಗೆ ಕಳಿಸಬೇಕೋ, ಬೇಡವೋ. ಟೈ ಕಟ್ಟಿದ ನಾಲ್ಕು ಗಂಡಸರು, ಒಬ್ಬ ಹೆಂಗಸು. ಆ ಹೆಂಗಸು ಬಾಯಿ ತೆರೆದಾಗಲೆಲ್ಲ ಜಾಹೀರಾತು ಬರುತ್ತಿತ್ತು. ದೊಡ್ಡಪ್ಪ ಮೂರನೆಯ ಲೋಟ ಜೋಳದ ಸಾರಾಯಿ ಮುಗಿಸಿದ್ದರು. "ಬಂದೂಕು ಹೊರೋದು ದೊಡ್ಡ ವಿಷಯ ಅಲ್ಲ. ಪಕ್ಕದೋನು ಗುಂಡು ತಿಂದು ಬಿದ್ದಾಗ ಅವನನ್ನ ಎಳ್ಕೊಂಡು ಬರಬೇಕು. ಎಂಬತ್ತು ಕಿಲೋ ಗಂಡಸನ್ನ ನಮ್ಮ ಹುಡುಗಿ ಎಳೀತಾಳಾ?" ಎಂದರು. ಅಮ್ಮ ಮೀನಿನ ಮುಳ್ಳು ಬಿಡಿಸುತ್ತಲೇ, "ಹೊಸವರ್ಷದ ದಿನ ಕುಡಿದು ಬಿದ್ದಿದ್ದ ನಿಮ್ಮನ್ನ ಪೇಟೆಯಿಂದ ಎಳ್ಕೊಂಡು ಬಂದಿದ್ದು ನಿಮ್ಮ ಹೆಂಡ್ತಿ ತಾನೆ, ಭಾವ? ಅವರದ್ದು ನಲವತ್ತೈದು ಕಿಲೋ," ಎಂದಳು. ದೊಡ್ಡಮ್ಮ ನಕ್ಕು ನಕ್ಕು ಕೆಮ್ಮಿದರು. ದೊಡ್ಡಪ್ಪನೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವಳನ್ನ ಹೀಯಾಳಿಸ್ತಿಲ್ಲ. ನಾನು ಸೈನ್ಯಕ್ಕೆ ಸುರಂಗ ಕೊರೆದೋನು. ಕಲ್ಲು ಬಿದ್ದೋರನ್ನ ಹೊತ್ತಿದೀನಿ. ಆ ಭಾರ ಆಮೇಲೆ ಹೆಗಲಿಂದ ಇಳಿಯಲ್ಲ. ಅದು ಅವಳಿಗೆ ಬೇಡ ಅಂತೀನಿ ಅಷ್ಟೇ," ಎಂದರು. ಅದು ಬರೀ ಹಳೆಯ ಕಾಲದ ಗಂಡಸಿನ ಮಾತು ಎಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ ಅಕ್ಕಾ. ಮೇಜಿನ ತುದಿಯಲ್ಲಿ ಅಜ್ಜಿ ಟಿವಿ ನೋಡುತ್ತ ಅನ್ನ ನುರಿಸುತ್ತಿದ್ದಳು.

ಆಗಲೇ ಅಪ್ಪ ನಿನ್ನ ಕಾಗದದ ಸುದ್ದಿ ಹೇಳಿಬಿಟ್ಟ. ಕಚೇರಿ ಕೆಲಸ ಕೊಡುತ್ತೇವೆಂದರೂ ಬೇಡವೆಂದು ನೀನು ಕಾದಾಡುವ ತುಕಡಿಯನ್ನೇ ಕೇಳಿ ತೆಗೆದುಕೊಂಡದ್ದು, ಜೂನ್ ಹೊತ್ತಿಗೆ ಎದುರಾಳಿಗಳ ಆಚೆ ದಡ ಕಣ್ಣಿಗೆ ಕಾಣುವ ಆ ಪುಟ್ಟ ದ್ವೀಪದ ಕಾವಲಿಗೆ ಹೋಗುವುದು. ಹೇಳುವಾಗ ಅವನಿಗೆ ಹೆಮ್ಮೆಯೋ ಭಯವೋ, ಮುಖ ನೋಡಿ ತಿಳಿಯಲಿಲ್ಲ. ಸಾರಿನ ಬಟ್ಟಲನ್ನು ಎತ್ತಿ ಎತ್ತಿ ಇಟ್ಟ. ಅಜ್ಜಿ ನನ್ನ ಕಡೆ ತಿರುಗಿ, "ಅವಳಿಗೆ ಹುಡುಗ ಯಾರಾದ್ರೂ ಇದ್ದಾನೇನೆ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಅಷ್ಟೇ ಸಾಕಿತ್ತು ಅವಳಿಗೆ.

ಮುಂದಿನ ವಾರ ಬೆಳಿಗ್ಗೆ ನನ್ನನ್ನು ಕರೆದು, ಪೇಟೆಯ ಕೇಕಿನ ಅಂಗಡಿಯಲ್ಲಿ ಡಬ್ಬಿಗಳಿಗೆ ಹೇಳಿಟ್ಟಿದ್ದೇನೆ, ತಂದು ನಮ್ಮವರ ಮನೆಗಳಿಗೆಲ್ಲ ಕೊಟ್ಟು ಬಾ ಎಂದಳು. "ಏನೂ ಮಾತಾಡಬೇಡ. ಹೇಗೂ ನಿನಗೆ ಬರಲ್ಲವಲ್ಲ." ಡಬ್ಬಿಗಳು ಬಟ್ಟೆಯಲ್ಲಿ ಗಂಟು ಕಟ್ಟಿದ್ದವು. ಹಬ್ಬದ ಉಳಿಕೆಯೇನೋ ಎಂದು ಮೊದಲು ದೊಡ್ಡಪ್ಪನ ಮನೆಯಲ್ಲಿ ಕೊಟ್ಟು ಬಂದೆ. ಎರಡನೆಯ ಮನೆಯ ಅತ್ತೆ ಗಂಟು ಬಿಚ್ಚಿದಾಗ ಒಳಗೆ ಕೆಂಪು ಡಬ್ಬಿ, ಮೇಲೆ ಜೋಡಿ ಹಕ್ಕಿ. ಮನೆಯ ಹೆಣ್ಣಿನ ನಿಶ್ಚಿತಾರ್ಥವಾದಾಗ ಹಂಚುವ ಕೇಕು. "ಅಯ್ಯೋ, ಯಾರದ್ದೇ? ನಿಂದಾ?" ಎಂದು ನನ್ನ ಕೆನ್ನೆ ಹಿಂಡಿದರು. ಅಲ್ಲವೆಂದೆ. "ಹಾಗಾದ್ರೆ ನಿಮ್ಮ ಅಕ್ಕಂದು. ಹುಡುಗನೂ ಸೈನ್ಯದೋನಾ? ಇಬ್ಬರೂ ಬಂದೂಕು ಹಿಡ್ಕೊಂಡ್ರೆ ಮಗು ಎತ್ತಿಕೊಳ್ಳೋರು ಯಾರು?" ಥ್ಯಾಂಕ್ಸ್ ಎಂದು ಓಡಿಬಂದೆ. ಉಳಿದ ಡಬ್ಬಿಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಸಮುದ್ರದ ಕಡೆ ಹೋಗಿ, ಕೂತು, ಏನೂ ಹೊಳೆಯದೆ ವಾಪಸು ತಂದೆ. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ನಿನಗೆ ಗೊತ್ತಿಲ್ಲದೆ ನೀನು ನಿಶ್ಚಿತಾರ್ಥವಾದ ಹೆಣ್ಣು, ಅಕ್ಕಾ. ಹುಡುಗ ಯಾರೆಂಬುದೊಂದು ಗೊತ್ತಾಗಬೇಕಷ್ಟೇ.

ಸಂಜೆ ದೊಡ್ಡಪ್ಪ ಆ ಕೆಂಪು ಡಬ್ಬಿಗಳಲ್ಲೊಂದನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. "ಅಮ್ಮಾ, ಏನಿದು? ಮದುವೆ ಆದ್ರೆ ಕವಾಯತಿನ ಪಟ್ಟಿಯಿಂದ ಹೆಸರು ತೆಗೀತಿದ್ದಿದ್ದು ನಿನ್ನ ಕಾಲದಲ್ಲಿ. ಈಗ ಮದುವೆ ಆದೋರೂ ಸೈನ್ಯಕ್ಕೆ ಹೋಗ್ತಾರೆ." ಅಜ್ಜಿ ಹಾಸಿಗೆಯ ಮೇಲೆ ಎದ್ದು ಕೂತಳು. "ನಾನೇನು ಹುಚ್ಚೀನಾ? ಟಿವಿ ನಾನೂ ನೋಡ್ತೀನಿ. ಅವಳನ್ನ ತಡೆಯೋಕೆ ಮಾಡಿದ್ದಲ್ಲ ಕಣೋ. ತಡೆದ್ರೆ ನಿಲ್ಲೋ ಜಾತಿಯಲ್ಲ ಅದು. ನಿನ್ನನ್ನ ಒಂದು ಕೇಳ್ತೀನಿ, ಹೇಳು. ಅವಳು ಅಲ್ಲಿ ಸತ್ತರೆ, ನಿನ್ನ ಮನೆಯ ಹಿರಿಯರ ಪೀಠದ ಮೇಲೆ ಅವಳ ಹೆಸರ ಹಲಗೆ ಇಟ್ಟು ಎಡೆ ಹಾಕ್ತೀಯಾ?" ದೊಡ್ಡಪ್ಪ ಬಿಳಿಚಿಕೊಂಡರು. ಅಂಥ ಮಾತು ಬಾಯಲ್ಲಿ ತರಬಾರದು ಎಂದರು. ಅವಳು ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತ, "ಮದುವೆಯಾಗದ ಹೆಣ್ಣುಮಗಳನ್ನ ತವರಿನ ಪೀಠದಲ್ಲಿ ಕೂರಿಸೋ ಪದ್ಧತಿ ಇಲ್ಲ. ನಿನಗೂ ಗೊತ್ತು," ಎಂದರು. "ಗೊತ್ತು. ಅದಕ್ಕೇ ಗಂಡು ಹುಡುಕ್ತಿರೋದು. ಗಂಡನ ಮನೆ ಪೀಠದ ಮೇಲಾದ್ರೂ ನಾಲ್ಕು ಬೆರಳು ಜಾಗ ಸಿಗಲಿ."

ಆಮೇಲೆ ಅವಳು ತನ್ನ ಗೆಳತಿ ಬೀಲ್ಯಾನ್‌ಳ ಕಥೆ ಹೇಳಿದಳು. ಪ್ರತಿ ವರ್ಷ ಹಿರಿಯರ ಪೂಜೆಯ ದಿನ ಹೊಸ್ತಿಲಾಚೆ ಅಜ್ಜಿ ಒಂದು ಬಟ್ಟಲು ಸಿಂಪಿ ಶಾವಿಗೆ ಇಡುತ್ತಿದ್ದಳಲ್ಲ, ನಾವು ಬೆಕ್ಕಿಗೆಂದು ತಿಳಿದಿದ್ದೆವಲ್ಲ? ಅದು ಬೆಕ್ಕಿಗಲ್ಲ ಅಕ್ಕಾ. ಆ ಕಾಲದಲ್ಲಿ ಊರಿನ ಹದಿನಾರು ದಾಟಿದ ಹುಡುಗಿಯರಿಗೆಲ್ಲ ಬಂದೂಕು ಕೊಟ್ಟು ಕವಾಯತು ಮಾಡಿಸುತ್ತಿದ್ದರು. ಬೇಕೋ ಬೇಡವೋ ಎಂಬ ಚರ್ಚೆ ಯಾವ ಟಿವಿಯಲ್ಲೂ ಆಗಲಿಲ್ಲ. ಅಜ್ಜಿ, ಬೀಲ್ಯಾನ್ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಬಂದೂಕು ಬೀಲ್ಯಾನ್‌ಗಿಂತ ಎತ್ತರವಿತ್ತಂತೆ. ಇಬ್ಬರಿಗೂ ಗಂಡು ಗೊತ್ತಾಗಿತ್ತು. ಅಜ್ಜಿಯ ಮದುವೆ ವಸಂತದಲ್ಲಿ ಆಯಿತು, ಗರ್ಭ ನಿಂತಿತು, ಹೆಸರು ತೆಗೆದರು. ಬೀಲ್ಯಾನ್‌ಳ ಮದುವೆ ಜೋಳದ ಕೊಯ್ಲು ಮುಗಿದ ಮೇಲೆ ಎಂದಿತ್ತು. ಅಷ್ಟರಲ್ಲಿ ಆಚೆ ದಡದಿಂದ ಶೆಲ್ಲುಗಳು ಬೀಳತೊಡಗಿದವು. ದಡದಲ್ಲಿ ದೋಣಿಯಿಂದ ಮದ್ದುಗುಂಡಿನ ಪೆಟ್ಟಿಗೆ ಇಳಿಸುತ್ತಿದ್ದಾಗ ಅವಳು ಶೆಲ್ಲಿಗೆ ಸಿಕ್ಕಿ ಸತ್ತುಹೋದಳು. ಸೈನಿಕಳಲ್ಲ ಎಂದು ಸೈನ್ಯದವರು ಹೆಸರು ಬರೆದುಕೊಳ್ಳಲಿಲ್ಲ. ಮದುವೆಯಾಗಿಲ್ಲ ಎಂದು ತವರಿನವರು ಪೀಠದಲ್ಲಿ ಇಡಲಿಲ್ಲ. ಕೈ ಹಿಡಿಯಬೇಕಿದ್ದವನು ಬೇರೆ ಹೆಣ್ಣು ನೋಡಿಕೊಂಡ. "ಬೀಲ್ಯಾನ್‌ಗೆ ನಾನಿದ್ದೆ, ಬಾಗಿಲಾಚೆ ಬಟ್ಟಲಿಡೋಕೆ. ಒಳಗೆ ಕರಿಯೋಕೆ ನನಗೂ ಧೈರ್ಯ ಇರಲಿಲ್ಲ. ನಾನು ಹೋದ್ಮೇಲೆ ನನ್ನ ಮೊಮ್ಮಗಳಿಗೆ ಯಾರು ಇಡ್ತಾರೆ?" ಎಂದಳು. ಅವಳು ಅಳಲಿಲ್ಲ. ಅಳುತ್ತಿದ್ದವನು ಅಪ್ಪ. ದೊಡ್ಡಪ್ಪ ಎದ್ದರು. ವಾಪಸು ಕೊಡಲೆಂದು ತಂದಿದ್ದ ಕೇಕಿನ ಡಬ್ಬಿಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡೇ ಹೋದರು.

ಕಾಲೇಜಿನಲ್ಲಿ ನಾನು ಯುದ್ಧದ ಕಾವ್ಯಗಳನ್ನು ಎಷ್ಟೊಂದು ಓದಿದೆ. ಅವುಗಳಲ್ಲಿ ಹೆಂಗಸರು ದೀಪದ ಮುಂದೆ ಕೂತು ಚಳಿಗಾಲದ ಅಂಗಿ ಹೊಲಿದು ಗಡಿಗೆ ಕಳಿಸುತ್ತಾರೆ. ಈಗ ಕಾಲುಚೀಲ ಕಳಿಸುವವಳು ನಾನು, ಹಾಕಿಕೊಳ್ಳುವವಳು ನೀನು. ಹೋಗಬೇಡವೆಂದು ನಾನು ಬರೆಯುವುದಿಲ್ಲ. ಗಂಡಸರ ಜೊತೆಗೆ ಸರಿಸಮ ಓಡಿ, ಆ ಜಾಗವನ್ನು ನೀನು ಗಳಿಸಿಕೊಂಡಿದ್ದೀಯ. ಅದು ನ್ಯಾಯವೆಂದು ನನ್ನ ಬುದ್ಧಿಗೆ ಗೊತ್ತು. ಕರುಳಿಗೆ ಮಾತ್ರ ಗೊತ್ತಾಗುತ್ತಿಲ್ಲ. ಆಚೆ ದಡದ ದೀಪಗಳು ಮೊದಲಿನಂತೆಯೇ ಕಾಣುತ್ತವೆ. ನಾನು ಮಾತ್ರ ಆ ಕಡೆಯ ಕಿಟಕಿ ಮುಚ್ಚಿ ಮಲಗಲು ಶುರುಮಾಡಿದ್ದೇನೆ.

ಅಜ್ಜಿ ಈಗ ಗಂಜಿ ಮಾತ್ರ ಕುಡಿಯುತ್ತಾಳೆ, ಅದೂ ಅಮ್ಮ ಗದರಿದರೆ. ಡಾಕ್ಟರು ಬಂದು ನೋಡಿ, ಅಪ್ಪನನ್ನು ಅಂಗಳಕ್ಕೆ ಕರೆದು ಮಾತಾಡಿ ಹೋದರು. ರಜೆ ಕೇಳಿ ನೋಡು. ಸಮವಸ್ತ್ರದಲ್ಲಿ ಬಂದರೂ ಸರಿ, ಅವಳು ಏನೂ ಅನ್ನುವುದಿಲ್ಲ. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಅಪ್ಪ ನಿನ್ನ ಹೆಸರಿನಲ್ಲಿ ಸಮುದ್ರಮಾತೆಯ ಗುಡಿಯಲ್ಲಿ ಊದುಬತ್ತಿ ಹಚ್ಚಿದ್ದಾನೆ, ಹೇಳಬೇಡ ಎಂದಿದ್ದಾನೆ. ಗಾಳಿ, ಗುಂಡು, ಒದ್ದೆ ಬೂಟು ಯಾವುದೂ ನಿನ್ನನ್ನು ಮುಟ್ಟದಿರಲಿ.

ನಿನ್ನ ತಂಗಿ,
ಪೇ-ರೋಂಗ್

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ದೊಡ್ಡಪ್ಪ ಬಂದು ನಮ್ಮನ್ನೆಲ್ಲ ತಮ್ಮ ಮನೆಗೆ ಕರೆದರು, ಅದಕ್ಕೇ ಅವಸರದಲ್ಲಿ ಇಷ್ಟು. ಅವರೇ ಪೀಠದ ಮೇಲಿನ ಹಲಗೆಗಳನ್ನು ಒಂದೊಂದಾಗಿ ಒತ್ತರಿಸಿ, ಅಜ್ಜನ ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಮಾಡಿದ್ದಾರೆ. ಅಪ್ಪ ಅಜ್ಜಿಯನ್ನು ಎತ್ತಿಕೊಂಡು ಹೋಗಿ ತೋರಿಸಿದ. ಅವಳು ಕೈಯಿಟ್ಟು ಅಳೆದು ನೋಡಿ, "ಸಾಕು, ಹುಡುಗಿ ತೆಳ್ಳಗಿದ್ದಾಳೆ," ಎಂದಳು. ಆಮೇಲೆ, "ಖಾಲಿ ಬಿಟ್ಟರೆ ಆ ಜಾಗ ಅವಳನ್ನ ಕರೆಯುತ್ತೆ. ಬೀಲ್ಯಾನ್ ಕೂತ್ಕೊಳ್ಳಲಿ," ಎಂದಳು. ದೊಡ್ಡಪ್ಪ ಕುಂಚ ತೊಳೆದು, ತಾವೇ ಒಂದು ಹಲಗೆಯ ಮೇಲೆ ಆ ಹೆಸರು ಬರೆದು ಅಲ್ಲಿಟ್ಟರು. ಈ ಸಲ ಶಾವಿಗೆಯ ಬಟ್ಟಲನ್ನು ನಾನು ಹೊಸ್ತಿಲಾಚೆ ಅಲ್ಲ, ಒಳಗೆ ಆ ಹಲಗೆಯ ಮುಂದೆ ಇಟ್ಟೆ. ಈಗ ಪೀಠ ತುಂಬಿದೆ ಅಕ್ಕಾ. ಅಲ್ಲಿ ನಿನಗೆ ಜಾಗ ಇಲ್ಲ. ನೀನು ಮನೆಗೇ ಬರಬೇಕು.